ಪ್ರೋಟೋಟೈಪ್ ಕನ್ಸೋಲ್ ಕೈಗೆ ಬಂತಾ? ಸ್ವಿಚ್ ಒತ್ತುವ ಮೊದಲು ಇದನ್ನು ಓದಿ

ತಿಂಗಳಿಗೆ ಒಂದೆರಡು ಸಲ ಇದೇ ಪ್ರಶ್ನೆ ಬರುತ್ತದೆ. "ಹಳೇ ಗೇಮ್ ಕನ್ಸೋಲ್ ಒಂದು ಸಿಕ್ಕಿದೆ. ಅಂಗಡಿಗೆ ಬಂದ ಮಾದರಿ ಥರ ಇಲ್ಲ. ಸೀರಿಯಲ್ ನಂಬರ್ ಇಲ್ಲ, ಮೇಲೆ ಕೈಬರಹದ ಚೀಟಿ ಅಂಟಿಸಿದ್ದಾರೆ. ಪ್ರೋಟೋಟೈಪ್ ಇರಬಹುದಾ? ಆನ್ ಮಾಡಿ ನೋಡ್ಲಾ?"

ಮೊದಲನೆಯದಕ್ಕೆ ಉತ್ತರ: ಇರಬಹುದು. ಎರಡನೆಯದಕ್ಕೆ: ಬೇಡ, ಈಗಲೇ ಬೇಡ.

ಪ್ರೋಟೋಟೈಪ್ ಅಂದರೆ ಮಾರಾಟಕ್ಕೆ ಬರುವ ಮೊದಲು ಪರೀಕ್ಷೆಗೆಂದು ಕಟ್ಟಿದ ಯಂತ್ರ. ಕೆಲವು ಬರೀ ಪ್ಲಾಸ್ಟಿಕ್ ಗೂಡು. ಪ್ರದರ್ಶನದಲ್ಲಿ ಇಡಲು ಮಾಡಿದ್ದು, ಒಳಗೆ ಏನೂ ಇರುವುದಿಲ್ಲ. ಅಂಥವಕ್ಕೆ ಫೋಟೊ, ಅಳತೆ ಸಾಕು. ಇನ್ನು ಕೆಲವದರಲ್ಲಿ ಪೂರ್ತಿ ಬೋರ್ಡ್ ಇರುತ್ತದೆ, ಅದರ ಮೇಲೆ ಕೈಯಿಂದ ಬೆಸೆದ ಸಣ್ಣ ಸಣ್ಣ ತಂತಿಗಳು. ಮೂರನೇ ಬಗೆ ಡೆವಲಪ್‌ಮೆಂಟ್ ಕಿಟ್, ಅಂದರೆ ಆಟ ಬರೆಯುವ ಕಂಪನಿಗಳಿಗೆ ಕೊಟ್ಟ ವಿಶೇಷ ಯಂತ್ರ. ಕೊನೆಯ ಎರಡು ಬಗೆಗೆ ಈ ಲೇಖನ.

ಕೆಲಸದ ಕ್ರಮ ಹೀಗೆ: ಮೊದಲು ಚಿಪ್ಪುಗಳಲ್ಲಿರುವ ಡೇಟಾ ಉಳಿಸಿ, ಯಂತ್ರಕ್ಕೆ ಕರೆಂಟ್ ಕೊಡುವುದು ಅದರ ನಂತರ, ಬೋರ್ಡಿನ ನಕ್ಷೆ ಆಮೇಲೆ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಸುಟ್ಟ ರೆಗ್ಯುಲೇಟರ್, ಅಂದರೆ ವೋಲ್ಟೇಜನ್ನು ಹದದಲ್ಲಿಡುವ ಬಿಡಿಭಾಗ, ಬದಲಿಸಬಹುದು, ಮುರಿದ ಗೂಡನ್ನು ಮತ್ತೆ ಮಾಡಿಸಬಹುದು. ಅಳಿಸಿಹೋದ ಬೈಟ್‌ಗಳನ್ನು ಯಾರೂ ಮತ್ತೆ ಮಾಡಿಕೊಡಲಾರರು.

ಇದಕ್ಕೆ ಒಳ್ಳೆಯ ಉದಾಹರಣೆ ಸೋನಿ ಮತ್ತು ನಿಂಟೆಂಡೊ ಜೊತೆಯಾಗಿ ಮಾಡಲು ಹೊರಟಿದ್ದ, ಮಾರಾಟಕ್ಕೆ ಬಾರದೇ ಹೋದ ಸಿಡಿ ಕನ್ಸೋಲ್. ಅದರ ಒಂದು ಪ್ರೋಟೋಟೈಪ್ 2015ರಲ್ಲಿ ಬೆಳಕಿಗೆ ಬಂತು. ಕಾರ್ಟ್ರಿಜ್ ಭಾಗ ಓಡುತ್ತಿತ್ತು, ಸಿಡಿ ಭಾಗ ಸತ್ತಿತ್ತು. ಅದರ ಬಯಾಸ್, ಅಂದರೆ ಯಂತ್ರ ಎದ್ದೊಡನೆ ಓಡುವ ಮೂಲ ಪ್ರೋಗ್ರಾಂ, ಬೇಗನೇ ಡಂಪ್ ಆಯಿತು, ಅಂದರೆ ಚಿಪ್ಪಿನಿಂದ ಕಂಪ್ಯೂಟರ್ ಫೈಲಿಗೆ ಇಳಿಯಿತು. ಆ ಫೈಲ್ ಇಟ್ಟುಕೊಂಡೇ ಎಮ್ಯುಲೇಟರ್, ಅಂದರೆ ಆ ಯಂತ್ರದ ಹಾಗೇ ವರ್ತಿಸುವ ಕಂಪ್ಯೂಟರ್ ಪ್ರೋಗ್ರಾಂ, ತಯಾರಾಯಿತು. ಹವ್ಯಾಸಿಗಳು ಅದಕ್ಕೊಂದು ಆಟವನ್ನೂ ಬರೆದರು. ಅಸಲಿ ಯಂತ್ರದ ಸಿಡಿ ಡ್ರೈವ್ ರಿಪೇರಿಯಾಗಿ ತಿರುಗಿದ್ದು 2017ರಲ್ಲಿ. ಅಂದರೆ ಯಂತ್ರ ಸರಿಯಾಗುವ ಮೊದಲೇ ಅದರ ಜೀವ ಬೇರೆ ಕಡೆ ಉಳಿದಿತ್ತು. 2020ರಲ್ಲಿ ಅದು 3,60,000 ಡಾಲರಿಗೆ ಹರಾಜಾಯಿತು. ಈ ಹೊತ್ತಿಗೆ ಯಂತ್ರ ಯಾರ ಕೈಗೆ ಹೋದರೂ ಡೇಟಾ ಎಲ್ಲರ ಹತ್ತಿರ ಇತ್ತು.

ಏನೇನು ಬೇಕು

ಮಲ್ಟಿಮೀಟರ್, ಒಳ್ಳೆಯ ಕ್ಯಾಮೆರಾ, ಮಣಿಕಟ್ಟಿಗೆ ಕಟ್ಟುವ ಆಂಟಿಸ್ಟ್ಯಾಟಿಕ್ ಪಟ್ಟಿ, ಚಿಪ್ಪೆತ್ತುವ ಚಿಮಟ, ಐಸೊಪ್ರೊಪೈಲ್ ಆಲ್ಕೋಹಾಲ್. ಚಿಪ್ ಓದಲು ಒಂದು ಪ್ರೋಗ್ರಾಮರ್ ಬೇಕು. ಇಲ್ಲಿ ಪ್ರೋಗ್ರಾಮರ್ ಅಂದರೆ ಕೋಡ್ ಬರೆಯುವ ಮನುಷ್ಯನಲ್ಲ, ಚಿಪ್ಪನ್ನು ಕೂರಿಸಿ ಓದುವ, ಬರೆಯುವ ಪುಟ್ಟ ಪೆಟ್ಟಿಗೆ. ಕರೆಂಟಿಗೆ ಮಿತಿ ಹಾಕಬಲ್ಲ ಬೆಂಚ್ ಪವರ್ ಸಪ್ಲೈ ಇರಲೇಬೇಕು. ಲಾಜಿಕ್ ಅನಲೈಸರ್ ಆಮೇಲೆ ಸಾಕು. ಅದು ಹತ್ತಾರು ತಂತಿಗಳಲ್ಲಿ ಹರಿಯುವ ಸೊನ್ನೆ-ಒಂದುಗಳನ್ನು ಒಟ್ಟಿಗೆ ದಾಖಲಿಸುವ ಉಪಕರಣ.

ಬೆಸುಗೆ ಕೆಲಸ ಇದರ ಮೇಲೆ ಕಲಿಯಬೇಡಿ. ಹಾಳಾದ ನಾಲ್ಕು ಬೋರ್ಡ್ ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ.

1. ಮುಟ್ಟುವ ಮೊದಲು ಫೋಟೊ

ಯಂತ್ರ ಸಿಕ್ಕ ಸ್ಥಿತಿಯಲ್ಲೇ ಆರೂ ಕಡೆಯಿಂದ ಫೋಟೊ ತೆಗೆಯಿರಿ. ಧೂಳು ಒರೆಸಬೇಡಿ. ಚೀಟಿ, ಟೇಪು, ಪೆನ್ಸಿಲ್ ಗುರುತು ಎಲ್ಲ ಹಾಗೇ ಇರಲಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಅಳತೆ ತಾನಾಗಿ ಸಿಗುತ್ತದೆ.

ಚೀಟಿಯ ಬಗ್ಗೆ ಎರಡು ಮಾತು ಜಾಸ್ತಿಯೇ ಹೇಳಬೇಕು. ಎಂಜಿನಿಯರ್ ರಾಲ್ಫ್ ಬೇರ್ 1960ರ ದಶಕದ ಕೊನೆಯಲ್ಲಿ ಕಟ್ಟಿದ, ಟಿವಿಗೆ ಜೋಡಿಸಿ ಆಡುವ ಪ್ರೋಟೋಟೈಪಿಗೆ 'ಬ್ರೌನ್ ಬಾಕ್ಸ್' ಅಂತ ಹೆಸರು ಬಂದದ್ದು ಮೇಲೆ ಅಂಟಿಸಿದ ಮರದ ಬಣ್ಣದ ಟೇಪಿನಿಂದ. ಅದೀಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಯಾರೋ 'ಅಂಟಂಟಾಗಿದೆ' ಅಂತ ಆ ಟೇಪನ್ನು ಕಿತ್ತು ತೊಳೆದಿದ್ದರೆ? ನಿಮ್ಮ ಯಂತ್ರದ ಮೇಲಿನ ಕೊಳಕು ಟೇಪೂ ಅಂಥದ್ದೇ ಇರಬಹುದು. ನಾನೇ ಒಮ್ಮೆ ಚಿಪ್ಪಿನ ಸುತ್ತ ಆಲ್ಕೋಹಾಲ್ ಹಾಕಿ ಒರೆಸುವಾಗ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ ದಿನಾಂಕವನ್ನು ಅಳಿಸಿಹಾಕಿದ್ದೇನೆ. ಮಾರ್ಕರ್ ಶಾಯಿ ಆಲ್ಕೋಹಾಲಿಗೆ ನಿಲ್ಲುವುದಿಲ್ಲ. ಫೋಟೊ ತೆಗೆದಿರಲಿಲ್ಲ. ಕೊನೆಯ ಅಂಕಿ 3 ಆಗಿತ್ತಾ 8 ಆಗಿತ್ತಾ ಅಂತ ಇವತ್ತಿಗೂ ಹೇಳಲಾರೆ.

ಯಾರಿಂದ ಬಂತು, ಯಾವಾಗ ಬಂತು, ಜೊತೆಗೆ ಇನ್ನೇನಿತ್ತು ಅನ್ನುವುದನ್ನು ಇದೇ ದಿನ ಬರೆದಿಡಿ. ಹಳೇ ರಸೀತಿ, ಪತ್ರ, ಪೆಟ್ಟಿಗೆಯ ಮೇಲಿನ ವಿಳಾಸ ಎಲ್ಲ ದಾಖಲೆಯೇ.

2. ಬಿಚ್ಚಿ, ಬೋರ್ಡ್ ಓದಿ

ಪ್ಲಗ್ ದೂರ ಇರಲಿ. ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಯಾವ ತಿರುಪು ಯಾವ ತೂತಿನದು ಅಂತ ಕಾಗದದ ಮೇಲೆ ಚಿತ್ರ ಬರೆದು, ತಿರುಪುಗಳನ್ನು ಅದರ ಮೇಲೇ ಟೇಪಿನಿಂದ ಅಂಟಿಸಿ. ಒಂದೇ ಬಟ್ಟಲಿಗೆ ಸುರಿದರೆ ಕೊನೆಗೆ ಉದ್ದದ ತಿರುಪು ಗಿಡ್ಡ ತೂತಿಗೆ ಹೋಗಿ ಪ್ಲಾಸ್ಟಿಕ್ ಸೀಳುತ್ತದೆ.

ಬೋರ್ಡಿನ ಎರಡೂ ಮುಖಗಳನ್ನು ನೇರವಾಗಿ ಮೇಲಿಂದ ತೆಗೆಯಿರಿ. ಓರೆ ಬೆಳಕು ಬಿಟ್ಟರೆ ಚಿಪ್ಪಿನ ಮೇಲಿನ ಮಸುಕು ಅಕ್ಷರ ಎದ್ದು ಕಾಣುತ್ತದೆ. ಪ್ರತಿ ಚಿಪ್ಪಿನ ಹೆಸರು, ಅದರ ಕೆಳಗಿನ ಅಂಕಿ ಎಲ್ಲವನ್ನೂ ಪಟ್ಟಿ ಮಾಡಿ.

ಆ ಅಂಕಿಗಳಲ್ಲಿ ಸಾಮಾನ್ಯವಾಗಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. ಅದು ಡೇಟ್ ಕೋಡ್: ಮೊದಲೆರಡು ಅಂಕಿ ವರ್ಷ, ಉಳಿದೆರಡು ವಾರ. 9247 ಅಂದರೆ 1992ರ 47ನೇ ವಾರ. ಇದು ನಕಲಿ ಹಿಡಿಯುವ ಮೊದಲ ಜರಡಿ. 1991ರ ಪ್ರೋಟೋಟೈಪ್ ಅಂತ ಮಾರಿದವರು ಹೇಳಿದ್ದಾರೆ, ಒಳಗಿನ ಮುಖ್ಯ ಚಿಪ್ಪಿನ ಮೇಲೆ 9430 ಅಂತಿದೆ. ಏನೋ ಎಡವಟ್ಟಿದೆ ಅಂತಲೇ ಅರ್ಥ. ಆದರೆ ಒಂದೇ ಚಿಪ್ ಹೊಸದಿದ್ದು ಉಳಿದೆಲ್ಲ ಹಳೆಯವಾದರೆ ಗಾಬರಿ ಬೇಡ, ರಿಪೇರಿಯಲ್ಲಿ ಬದಲಾಗಿರಬಹುದು. ಆ ಚಿಪ್ಪಿನ ಬೆಸುಗೆ ಪಕ್ಕದವಕ್ಕಿಂತ ಬೇರೆ ಥರ ಹೊಳೆಯುತ್ತಿದೆಯಾ ನೋಡಿ.

ಎಚ್ಚರಿಕೆ: ಕೈಯಿಂದ ಬೆಸೆದ ತಂತಿಗಳನ್ನು 'ಗಲೀಜು' ಅಂತ ಸರಿಮಾಡಲು ಹೋಗಬೇಡಿ. ಎಂಜಿನಿಯರ್ ಬೋರ್ಡಿನ ತಪ್ಪನ್ನು ತಿದ್ದಿದ ಗುರುತು ಅದು. ಆ ತಿದ್ದುಪಡಿಯೇ ಈ ಯಂತ್ರದ ಇತಿಹಾಸ.

3. ಬ್ಯಾಟರಿ, ಕೆಪಾಸಿಟರ್

ಬೋರ್ಡಿನ ಮೇಲೆ ಬ್ಯಾಟರಿ ಕಂಡ ತಕ್ಷಣ ಕಿತ್ತುಹಾಕಲು ಕೈ ಹೋಗುತ್ತದೆ. ನಿಲ್ಲಿ. ಅದು ಯಾತಕ್ಕೆ ಕರೆಂಟ್ ಕೊಡುತ್ತಿದೆ ಅಂತ ಮೊದಲು ನೋಡಿ. ಬರೀ ಗಡಿಯಾರಕ್ಕಾದರೆ ತೊಂದರೆಯಿಲ್ಲ. ಆದರೆ ಕೆಲವು ಬೋರ್ಡುಗಳಲ್ಲಿ ಎಸ್‌ರ್‍ಯಾಮ್ ಇರುತ್ತದೆ. ಕರೆಂಟ್ ಇರುವ ತನಕ ಮಾತ್ರ ನೆನಪಿಟ್ಟುಕೊಳ್ಳುವ ಚಿಪ್ ಅದು. ಬ್ಯಾಟರಿ ತೆಗೆದ ಗಳಿಗೆಯಲ್ಲೇ ಒಳಗಿದ್ದದ್ದು ಹೋಯಿತು. ಆರ್ಕೇಡ್, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ ಲೋಕದಲ್ಲಿ ಇದು ಹಳೇ ಗೋಳು. ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡುಗಳಲ್ಲಿ ಆಟದ ಬೀಗದ ಕೀ ಬ್ಯಾಟರಿಯ ಬಲದಲ್ಲೇ ನಿಂತಿತ್ತು, ಬ್ಯಾಟರಿ ಸತ್ತರೆ ಆಟವೂ ಸತ್ತಿತು.

ಬ್ಯಾಟರಿ ಎಸ್‌ರ್‍ಯಾಮಿಗೆ ಹೋಗುತ್ತಿದ್ದರೆ ವೋಲ್ಟೇಜ್ ಅಳೆದು ಬರೆದಿಡಿ, ಡೇಟಾ ಇಳಿಸುವ ತನಕ ಮುಟ್ಟಬೇಡಿ. ಬ್ಯಾಟರಿ ಸೋರಿ ಬೋರ್ಡ್ ತಿನ್ನುತ್ತಿದೆ, ಎಸ್‌ರ್‍ಯಾಮಿಗೂ ಅದೇ ಆಧಾರ ಅನ್ನುವ ಇಕ್ಕಟ್ಟಿದ್ದರೆ, ಅದೇ ವೋಲ್ಟೇಜಿನ ಬೇರೆ ಸೆಲ್ಲನ್ನು, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಮೂಲಕ ಪಕ್ಕದಲ್ಲಿ ಜೋಡಿಸಿ ಆಮೇಲೆ ಹಳೆಯದನ್ನು ತೆಗೆಯಬೇಕು. ಇದು ಅನುಭವಸ್ಥರ ಕೆಲಸ.

1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ಭಾಗದ ಬೋರ್ಡುಗಳಲ್ಲಿ ಬಾಧೆ ಕೊಡುವುದು ಬೋರ್ಡಿನ ಮೇಲ್ಮೈಗೆ ಬೆಸೆದ ಪುಟ್ಟ ಅಲ್ಯುಮಿನಿಯಂ ಡಬ್ಬಿಯಂಥ, ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಸೋರಿದ್ದರೆ ಬುಡದ ಬೆಸುಗೆ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮೂಗು ಹತ್ತಿರ ತಂದರೆ ಮೀನಿನಂಥ ವಾಸನೆ. ಬೆಸುಗೆ ಕಡ್ಡಿ ತಾಗಿಸಿದರೆ ವಾಸನೆ ಇನ್ನೂ ಜೋರು. ಅಂಥವನ್ನು ತೆಗೆದು, ಜಾಗವನ್ನು ಆಲ್ಕೋಹಾಲಿನಿಂದ ತೊಳೆದು, ಅದೇ ಕೆಪಾಸಿಟನ್ಸ್, ಅದೇ ವೋಲ್ಟೇಜಿನ ಹೊಸದನ್ನು ಹಾಕಿ. ತೆಗೆದ ಹಳೆಯವನ್ನು ಎಸೆಯದೆ ಚೀಟಿ ಬರೆದು ಪೊಟ್ಟಣದಲ್ಲಿಡಿ. ಸೋರಿಲ್ಲದ್ದನ್ನು ಸುಮ್ನೆ ಬದಲಿಸಬೇಡಿ. 'ಎಲ್ಲ ಕೆಪಾಸಿಟರ್ ಬದಲಿಸು' ಅನ್ನುವ ಸಲಹೆ ಅಂಗಡಿಯಲ್ಲಿ ಕೊಂಡ ಕನ್ಸೋಲಿಗೆ ಸರಿ, ಲೋಕದಲ್ಲಿ ಒಂದೋ ಎರಡೋ ಇರುವ ಬೋರ್ಡಿಗಲ್ಲ.

4. ಡಂಪ್

ಡಂಪ್ ಅಂದರೆ ಚಿಪ್ಪಿನೊಳಗಿನ ಪ್ರತಿ ಬೈಟನ್ನೂ ಇದ್ದ ಹಾಗೇ ಕಂಪ್ಯೂಟರ್ ಫೈಲಿಗೆ ಇಳಿಸುವುದು. ಇಡೀ ಕೆಲಸದ ಹೃದಯ ಇದೇ, ಹಾಗಾಗಿ ಇಲ್ಲಿ ನಿಧಾನ.

ಪ್ರೋಟೋಟೈಪುಗಳಲ್ಲಿ ಹೆಚ್ಚಾಗಿ ಸಿಗುವುದು ಇಪ್ರೋಮ್. ಅಳಿಸಿ ಮತ್ತೆ ಬರೆಯಬಹುದಾದ ಚಿಪ್ ಅದು. ನಡುವೆ ಒಂದು ಪುಟ್ಟ ಗಾಜಿನ ಕಿಟಕಿ, ಒಳಗೆ ಬೆರಳುಗುರಿಗಿಂತ ಚಿಕ್ಕ ಸಿಲಿಕಾನ್ ಚೂರು ಹೊಳೆಯುತ್ತದೆ. ಆ ಕಿಟಕಿಯ ಮೇಲೆ ಒಂದು ಚೀಟಿ ಇರಬೇಕು. ಇದ್ದರೆ ತೆಗೆಯಬೇಡಿ. ಆ ಚೀಟಿ ಹೆಸರು ಬರೆಯಲು ಮಾತ್ರ ಅಲ್ಲ, ಬೆಳಕಿಗೆ ಅಡ್ಡವಾಗಿಯೂ ಅಂಟಿಸಿದ್ದು. ಇಪ್ರೋಮ್ ಅಳಿಯುವುದು ನೇರಳಾತೀತ ಬೆಳಕಿನಿಂದ. ಇಂಟೆಲ್‌ನ ಹಳೇ 2716 ಚಿಪ್ಪಿನ ಕೈಪಿಡಿಯ ಪ್ರಕಾರ ಕೋಣೆಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಸತತವಾಗಿ ಬಿಟ್ಟರೆ ಸುಮಾರು 3 ವರ್ಷದಲ್ಲಿ, ನೇರ ಬಿಸಿಲಿನಲ್ಲಿ ಸುಮಾರು 1 ವಾರದಲ್ಲಿ ಅಳಿಸಿಹೋಗಬಹುದು. ಚೀಟಿ ಬಿದ್ದುಹೋಗಿದ್ದರೆ ಬೆಳಕು ತೂರದ ಟೇಪ್ ಈಗಲೇ ಹಚ್ಚಿ. ಫೋಟೊ ತೆಗೆಯುವಾಗಲೂ ಕಿಟಕಿ ಮುಚ್ಚಿರಲಿ.

ಕತ್ತಲಲ್ಲಿಟ್ಟರೂ ಇಪ್ರೋಮ್ ಅಮರ ಅಲ್ಲ. ಪ್ರತಿ ಬಿಟ್ಟೂ ಒಂದು ಪುಟ್ಟ ಗುಡಾಣದಲ್ಲಿ ಹಿಡಿದಿಟ್ಟ ವಿದ್ಯುತ್ತು. ದಶಕಗಳಲ್ಲಿ ಅದು ಹನಿಹನಿಯಾಗಿ ಸೋರುತ್ತದೆ, ಸೊನ್ನೆಯಾಗಿದ್ದದ್ದು ಒಂದಾಗುತ್ತದೆ. ಯಾವ ಹೊರಗಿನ ಗುರುತೂ ಇರುವುದಿಲ್ಲ.

ಸಾಕೆಟ್ಟಿನಲ್ಲಿ ಕೂತ ಚಿಪ್ಪಾದರೆ ಒಂದನೇ ಕಾಲು ಯಾವ ಕಡೆಗಿತ್ತು ಅಂತ ಫೋಟೊ ತೆಗೆದು, ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಿ. ಒಂದೇ ತುದಿಯಿಂದ ಮೀಟಿದರೆ ಆ ಕಡೆಯ ಕಾಲು ಬಾಗಿ ಮುರಿಯುತ್ತದೆ. ಕಾಲು ಕಪ್ಪಗಾಗಿದ್ದರೆ ಮೆತ್ತಗೆ ಒರೆಸಿ, ಇಲ್ಲದಿದ್ದರೆ ತಪ್ಪು ಓದು ಬರುತ್ತದೆ.

ಪ್ರೋಗ್ರಾಮರಿನಲ್ಲಿ ಕೂರಿಸುವ ಮೊದಲು ಎರಡು ಬಲೆಗಳಿವೆ.

ಒಂದು, ಚಿಪ್ಪಿನ ಹೆಸರು ತಾನಾಗಿ ಕಂಡುಹಿಡಿಯುವ 'ಐಡಿ' ಆಯ್ಕೆ. ಇದು ಚಿಪ್ಪಿನ ಎ9 ಅನ್ನುವ ಕಾಲಿಗೆ 12 ವೋಲ್ಟಿನಷ್ಟು ಹಾಕುತ್ತದೆ. ಈ ಸೌಲಭ್ಯವಿರುವ ಇಪ್ರೋಮ್ ತಡೆದುಕೊಳ್ಳುತ್ತದೆ. ಆದರೆ ನಿಮ್ಮ ಕೈಯಲ್ಲಿರುವುದು ಮಾಸ್ಕ್ ರೋಮ್ ಆಗಿದ್ದರೆ, ಅಂದರೆ ಕಾರ್ಖಾನೆಯಲ್ಲೇ ಡೇಟಾ ಅಚ್ಚಾಗಿ ಬಂದ ಚಿಪ್ಪಾಗಿದ್ದರೆ, 5 ವೋಲ್ಟಿಗೆ ಮಾಡಿದ ಕಾಲಿಗೆ 12 ಬಿದ್ದು ಸುಡಬಹುದು. ಐಡಿ ತಪಾಸಣೆ ಆಫ್ ಮಾಡಿ, ಚಿಪ್ಪಿನ ಹೆಸರನ್ನು ನೀವೇ ಆರಿಸಿ.

ಎರಡು, 'ಪ್ರೋಗ್ರಾಂ' ಬಟನ್. ಅನೇಕ ತಂತ್ರಾಂಶಗಳಲ್ಲಿ ಅದು 'ರೀಡ್' ಪಕ್ಕದಲ್ಲೇ ಇರುತ್ತದೆ. ರಾತ್ರಿ ಹನ್ನೊಂದರ ಮೇಲೆ ಈ ಕೆಲಸಕ್ಕೆ ಕೂರಬೇಡಿ. ತಮಾಷೆಗೆ ಹೇಳುತ್ತಿಲ್ಲ.

ಓದಿದ ಮೇಲೆ ಫೈಲಿನ ಗಾತ್ರ ನೋಡಿ. 27ಸಿ256 ಚಿಪ್ಪಿನ 256 ಕಿಲೋಬಿಟ್ ಅಂದರೆ 32,768 ಬೈಟ್. 27ಸಿ010 ಆದರೆ 1,31,072 ಬೈಟ್. ಗಾತ್ರ ಹೊಂದದಿದ್ದರೆ ನೀವು ಆರಿಸಿದ ಚಿಪ್ ತಪ್ಪು. ಫೈಲಿನ ಮೊದಲರ್ಧ, ಎರಡನೇ ಅರ್ಧ ಒಂದೇ ಥರ ಇದ್ದರೆ ಮೇಲಿನ ವಿಳಾಸದ ಕಾಲು ಸಾಕೆಟ್ಟಿಗೆ ತಾಗದೇ ಇರಬಹುದು, ಅಥವಾ ಎಂಜಿನಿಯರ್ ಚಿಕ್ಕ ಪ್ರೋಗ್ರಾಮನ್ನು ಎರಡು ಸಲ ಬರೆದಿರಬಹುದು. ಕಾಲು ಒರೆಸಿ ಮತ್ತೆ ಓದಿದರೆ ಯಾವುದು ಅಂತ ಗೊತ್ತಾಗುತ್ತದೆ. ಇಡೀ ಫೈಲ್ ಎಫ್‌ಎಫ್ (ಎಲ್ಲ ಬಿಟ್ಟೂ ಒಂದು) ಬಂದರೆ ಚಿಪ್ ಖಾಲಿ, ಇಲ್ಲವೇ ತಾಗಿಲ್ಲ.

ಈಗ ಹ್ಯಾಶ್. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಒಂದೇ ಒಂದು ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಚಿಪ್ಪನ್ನು ತೆಗೆದು, ಮತ್ತೆ ಕೂರಿಸಿ, ಕನಿಷ್ಠ 3 ಸಲ ಓದಿ. ಮೂರರ ಎಸ್‌ಎಚ್‌ಎ-1 ಅಥವಾ ಎಸ್‌ಎಚ್‌ಎ-256 ಒಂದೇ ಬರಬೇಕು. ತೆಗೆಯದೆ ಮೂರು ಸಲ ಓದಿದರೆ ಸಾಲದು, ತಾಗದ ಕಾಲು ಮೂರು ಸಲವೂ ತಾಗಿರುವುದಿಲ್ಲ ಅಲ್ವಾ.

ಮೂರೂ ಬೇರೆ ಬೇರೆ ಬಂದರೆ ಚಿಪ್ ಸೋರುತ್ತಿದೆ ಅಂತ ಅನುಮಾನಿಸಿ. ಪ್ರೋಗ್ರಾಮರಿನಲ್ಲಿ ವೋಲ್ಟೇಜ್ ಬದಲಿಸುವ ಆಯ್ಕೆ ಇದ್ದರೆ 5ರಿಂದ 4.5ಕ್ಕೆ ಇಳಿಸಿ ಓದಿ. ದುರ್ಬಲವಾದ ಸೊನ್ನೆಗಳು ಹೆಚ್ಚು ವೋಲ್ಟೇಜಿನಲ್ಲಿ ಒಂದಾಗಿ ಕಾಣುತ್ತವೆ, ಕಡಿಮೆಯಲ್ಲಿ ಸೊನ್ನೆಯಾಗಿಯೇ ನಿಲ್ಲುತ್ತವೆ. ಹತ್ತಾರು ಸಲ ಓದಿ, ಯಾವ ಬೈಟ್ ಅಲುಗಾಡುತ್ತದೆ ಅಂತ ಗುರುತು ಹಾಕಿ. ಎಲ್ಲ ಓದುಗಳನ್ನೂ ಇಟ್ಟುಕೊಳ್ಳಿ. 'ಸರಿಯಾದದ್ದು' ಅಂತ ಒಂದನ್ನು ಆರಿಸಿ ಉಳಿದವನ್ನು ಅಳಿಸಬೇಡಿ.

ಚಿಪ್ ಬೋರ್ಡಿಗೆ ನೇರವಾಗಿ ಬೆಸೆದಿದ್ದರೆ? ಬಿಸಿಗಾಳಿ ಹಿಡಿಯುವ ಮೊದಲು ಬೇರೆ ದಾರಿ ಇದೆಯಾ ನೋಡಿ. ಎಷ್ಟೋ ಸಲ ಕಾರ್ಟ್ರಿಜ್ ಸ್ಲಾಟ್ ಮೂಲಕವೋ, ಟೆಸ್ಟ್ ಪಾಯಿಂಟ್ ಮೂಲಕವೋ ಓದಬಹುದು. ಅದಕ್ಕೆ ಕರೆಂಟ್ ಬೇಕು, ಹಾಗಾಗಿ 5ನೇ ಹಂತದ ನಂತರ.

ರೋಮ್ ಅಲ್ಲದ ಚಿಪ್ಪುಗಳನ್ನೂ ಮರೆಯಬೇಡಿ. ಇಲ್ಲೇ ಬಹಳ ಜನ ಎಡವುವುದು. ಪ್ರೋಟೋಟೈಪಿನಲ್ಲಿ ಮಾರಾಟದ ಮಾದರಿಗೆ ಹಾಕುವ ಅಂತಿಮ ಚಿಪ್ ಎಷ್ಟೋ ಸಲ ಇನ್ನೂ ತಯಾರಾಗಿರುವುದಿಲ್ಲ, ಅದರ ಕೆಲಸವನ್ನು ಪಾಲ್, ಗಾಲ್ ಅನ್ನುವ ಸಣ್ಣ ಲಾಜಿಕ್ ಚಿಪ್ಪುಗಳು ಅಥವಾ ಎಫ್‌ಪಿಜಿಎ ಮಾಡುತ್ತಿರುತ್ತದೆ. ಎಫ್‌ಪಿಜಿಎ ಅಂದರೆ ಒಳಗಿನ ಜೋಡಣೆಯನ್ನೇ ಬದಲಿಸಬಲ್ಲ ಚಿಪ್. ಸಾಮಾನ್ಯ ಎಫ್‌ಪಿಜಿಎಗೆ ಸ್ವಂತ ನೆನಪಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಪಕ್ಕದ ಚಿಪ್ಪಿನಿಂದ ಪಾಠ ಓದಿಕೊಳ್ಳುತ್ತದೆ. ಆ ಪಕ್ಕದ ಚಿಪ್ ಎಷ್ಟೋ ಸಲ ಬರೀ 8 ಕಾಲಿನದು, ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದನ್ನು ಡಂಪ್ ಮಾಡಲೇಬೇಕು.

ಪಾಲ್ ಚಿಪ್ಪಿನ ಬೀಗ ಹಾಕಿದ್ದರೆ ನೇರ ಓದಲಾಗದು. ಆದರೆ ಅದು ಬರೀ ಒಳಬಂದದ್ದಕ್ಕೆ ಉತ್ತರ ಕೊಡುವ ಬಗೆಯದಾದರೆ ಉಪಾಯವಿದೆ: ಸಾಧ್ಯವಿರುವ ಎಲ್ಲ ಒಳಹರಿವನ್ನೂ ಕೊಟ್ಟು ಉತ್ತರ ಬರೆದುಕೊಳ್ಳುವುದು. 10 ಕಾಲು ಒಳಗೆ ಅಂದರೆ 1,024 ಸಾಲಿನ ಪಟ್ಟಿ, ಯಂತ್ರಕ್ಕೆ ಕ್ಷಣದ ಕೆಲಸ. ಹಿಂದಿನದ್ದನ್ನು ನೆನಪಿಟ್ಟುಕೊಳ್ಳುವ ಬಗೆಯ ಪಾಲ್ ಆದರೆ ಕಷ್ಟ ಜಾಸ್ತಿ.

ಡಿಸ್ಕ್, ಹಾರ್ಡ್ ಡಿಸ್ಕ್ ಇದ್ದರೆ: ಸಿಡಿ-ಆರ್‌ನ ಬಣ್ಣದ ಪದರ ಕಾಲ ಕಳೆದಂತೆ ಕೆಡುತ್ತದೆ, ತಡ ಮಾಡಬೇಡಿ. ಐಎಸ್‌ಒ ಫೈಲ್ ಮಾಡಿ ಮುಗಿಸಬೇಡಿ. ಅದರಲ್ಲಿ ಪ್ರತಿ ಸೆಕ್ಟರಿನ 2,048 ಬೈಟ್ ಮಾತ್ರ ಬರುತ್ತದೆ, ಹಾಡಿನ ಟ್ರ್ಯಾಕ್ ಬಿಟ್ಟುಹೋಗುತ್ತದೆ. ಪೂರ್ತಿ 2,352 ಬೈಟಿನ ಕಚ್ಚಾ ಓದು ಬೇಕು. ಹಾರ್ಡ್ ಡಿಸ್ಕನ್ನು ರೈಟ್ ಬ್ಲಾಕರ್ ಮೂಲಕವೇ ಜೋಡಿಸಿ. ಬರೆಯುವುದನ್ನು ತಡೆದು ಓದಲು ಮಾತ್ರ ಬಿಡುವ ಉಪಕರಣ ಅದು. ಮೊದಲ ಎಕ್ಸ್‌ಬಾಕ್ಸಿನಂಥ ಯಂತ್ರಗಳಲ್ಲಿ ಡಿಸ್ಕಿಗೆ ಬೀಗವಿದ್ದು, ಅದನ್ನು ತೆರೆಯುವ ಕೀ ಮುಖ್ಯ ಬೋರ್ಡಿನ ಪುಟ್ಟ ಇಇಪ್ರೋಮಿನಲ್ಲಿ, ಅಂದರೆ ಕರೆಂಟಿನಿಂದಲೇ ಅಳಿಸಿ ಬರೆಯುವ ಚಿಪ್ಪಿನಲ್ಲಿ, ಇರುತ್ತದೆ. ಡಿಸ್ಕ್ ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ ಮಾರಿದರೆ ಎರಡೂ ದಂಡ.

5. ಈಗ ಕರೆಂಟ್

ಜೊತೆಗೆ ಬಂದ ಹಳೇ ಅಡಾಪ್ಟರನ್ನು ನಂಬಬೇಡಿ. ಪ್ಲಗ್ ಕೂತಿತು ಅಂದ ಮಾತ್ರಕ್ಕೆ ಸರಿಯಾದದ್ದು ಅಂತಲ್ಲ. ಸೆಗಾದ ಮೆಗಾ ಡ್ರೈವ್ ಮೊದಲ ಮಾದರಿಯಲ್ಲಿ ಪ್ಲಗ್ಗಿನ ನಡುವೆ ಮೈನಸ್, ಎರಡನೇ ಮಾದರಿಯಲ್ಲಿ ನಡುವೆ ಪ್ಲಸ್. ಒಂದೇ ಕಂಪನಿ, ಒಂದೇ ಕನ್ಸೋಲ್! ನಿಂಟೆಂಡೊದ ಫ್ಯಾಮಿಕಾಮ್ ಡಿಸಿ ಬೇಡಿದರೆ ಅದರದೇ ಅಮೆರಿಕದ ರೂಪ ಎನ್‌ಇಎಸ್‌ನ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಪ್ರೋಟೋಟೈಪಿನಲ್ಲಿ ಇದು ಹೇಗಿದೆ ಅಂತ ಬೋರ್ಡ್ ನೋಡಿಯೇ ತಿಳಿಯಬೇಕು. ಪ್ಲಗ್ ತಾಗುವಲ್ಲಿಂದ ರೆಗ್ಯುಲೇಟರ್ ತನಕ ತಂತಿ ಹಿಂಬಾಲಿಸಿ. 7805 ಅಂತಿದ್ದರೆ ಅದು 5 ವೋಲ್ಟ್ ಕೊಡುವ ರೆಗ್ಯುಲೇಟರ್.

ಮಲ್ಟಿಮೀಟರಿನಲ್ಲಿ 5 ವೋಲ್ಟ್ ಲೈನ್ ಮತ್ತು ಗ್ರೌಂಡ್ ನಡುವಿನ ರೋಧ ಅಳೆಯಿರಿ. ಸೊನ್ನೆಗೆ ಹತ್ತಿರವಿದ್ದರೆ ಎಲ್ಲೋ ಶಾರ್ಟ್ ಇದೆ, ಮುಂದೆ ಹೋಗಬೇಡಿ. ಸರಿಯಿದ್ದರೆ ಸಾಕೆಟ್ಟಿನ ಚಿಪ್ಪುಗಳನ್ನು ಹೊರಗಿಟ್ಟೇ ಬೆಂಚ್ ಸಪ್ಲೈಯಿಂದ ಕರೆಂಟ್ ಮಿತಿ ಕಡಿಮೆ ಇಟ್ಟು ಆನ್ ಮಾಡಿ. ರೆಗ್ಯುಲೇಟರಿನಿಂದ ಹೊರಬರುವುದು ನಿಜವಾಗಿ 5 ವೋಲ್ಟಾ ನೋಡಿ. ಸತ್ತ ರೆಗ್ಯುಲೇಟರ್ ಒಳಬಂದ 9 ವೋಲ್ಟನ್ನು ಹಾಗೇ ಚಿಪ್ಪಿಗೆ ದಾಟಿಸಬಹುದು. ಆಮೇಲೆ ಆಫ್ ಮಾಡಿ, ಅಸಲಿ ಇಪ್ರೋಮ್ ಬದಲು ಅದೇ ಡೇಟಾ ಬರೆದ ಹೊಸ ಚಿಪ್ ಕೂರಿಸಿ, ಮತ್ತೆ ಆನ್. ಬೆರಳಿಟ್ಟು ಯಾವ ಚಿಪ್ ಬಿಸಿಯಾಗುತ್ತಿದೆ ನೋಡಿ. ಮುಟ್ಟಲಾಗದಷ್ಟು ಬಿಸಿಯಾದರೆ ತಕ್ಷಣ ಆಫ್.

ಗೋಡೆಯ ಕರೆಂಟನ್ನು ಒಳಗೇ ಇಳಿಸಿಕೊಳ್ಳುವ ಯಂತ್ರವಾದರೆ ಆ ಭಾಗದ ಮುಚ್ಚಳ ತೆಗೆಯುವುದು ಬಲ್ಲವರ ಕೈಗೆ ಬಿಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಹೊಡೆಯುತ್ತದೆ.

ಹೊಸ ಕಾಲದ ಡೆವಲಪ್‌ಮೆಂಟ್ ಕಿಟ್ ಆಗಿದ್ದರೆ ಇನ್ನೊಂದು ಮಾತು: ಇಂಟರ್ನೆಟ್ಟಿಗೆ ಜೋಡಿಸಬೇಡಿ. ಅಪ್‌ಡೇಟ್ ತಾನಾಗಿ ಬಂದು ಒಳಗಿನ ಅಪರೂಪದ ತಂತ್ರಾಂಶದ ಮೇಲೆ ಕೂತರೆ ಮುಗಿಯಿತು.

6. ಬೋರ್ಡಿನ ನಕ್ಷೆ

ರಿವರ್ಸ್ ಎಂಜಿನಿಯರಿಂಗ್ ಅಂದರೆ ಮಾಡಿ ಮುಗಿಸಿದ ವಸ್ತುವಿನಿಂದ ಹಿಂದಕ್ಕೆ ನಡೆದು ಅದರ ನಕ್ಷೆ ಬರೆಯುವುದು. ಇದಕ್ಕೆ ಬೇಕಾದದ್ದು ಬುದ್ಧಿಗಿಂತ ತಾಳ್ಮೆ. ಕರೆಂಟ್ ಆಫ್ ಇರುವಾಗ ಮಲ್ಟಿಮೀಟರನ್ನು ಬೀಪ್ ಮಾಡುವ ಕಡೆಗೆ ತಿರುಗಿಸಿ, ಒಂದು ಕಡ್ಡಿ ಒಂದು ಕಾಲಿನ ಮೇಲಿಟ್ಟು, ಇನ್ನೊಂದರಿಂದ ಉಳಿದ ಕಾಲುಗಳನ್ನು ಸವರುತ್ತಾ ಹೋಗಿ. ಬೀಪ್ ಬಂದ ಜೋಡಿಯನ್ನು ಕೈಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ಬರೆಯಿರಿ.

ಪ್ರೊಸೆಸರಿನಿಂದ ಶುರುಮಾಡಿ. ಅದು 68000, ಝಡ್80, 6502 ಥರದ ಗೊತ್ತಿರುವ ಚಿಪ್ಪಾದರೆ ಯಾವ ಕಾಲು ಏನು ಅಂತ ಕೈಪಿಡಿಯಲ್ಲೇ ಇದೆ. ಅಲ್ಲಿಂದ ವಿಳಾಸದ ತಂತಿಗಳು ಎಲ್ಲಿಗೆ ಹೋಗುತ್ತವೆ ನೋಡಿದರೆ ಹೆಸರಿಲ್ಲದ ಚಿಪ್ ರೋಮಾ, ರ್‍ಯಾಮಾ, ಚಿತ್ರ ಬಿಡಿಸುವುದಾ ಅಂತ ಊಹೆಗೆ ಸಿಗುತ್ತದೆ. ನೂರಾರು ಕಾಲಿನ, ಕಂಪನಿಯೇ ಮಾಡಿಸಿದ ಚಿಪ್ಪಿನ ಒಳಗು ಹೀಗೆ ತಿಳಿಯದು. ಅದಕ್ಕೆ ಮೇಲಿನ ಕವಚ ಆಸಿಡ್ಡಿನಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆಯುವ ವಿಧಾನವಿದೆ. 2010ರಲ್ಲಿ 6502 ಪ್ರೊಸೆಸರಿನ ಇಡೀ ಟ್ರಾನ್ಸಿಸ್ಟರ್ ನಕ್ಷೆ ಹೊರಬಂದದ್ದು ಹಾಗೇ. ಆದರೆ ಆ ಚಿಪ್ ಮತ್ತೆ ಬದುಕುವುದು ಅನುಮಾನ, ಆ ಆಸಿಡ್ ಮನೆಯಲ್ಲಿ ಮುಟ್ಟುವಂಥದ್ದಲ್ಲ. ಒಂದೇ ಒಂದು ಇರುವ ಚಿಪ್ಪಿಗೆ ಇದು ಬೇಡವೇ ಬೇಡ.

ಲಾಜಿಕ್ ಅನಲೈಸರ್ ಜೋಡಿಸುವಾಗ ಅದು 5 ವೋಲ್ಟ್ ತಡೆಯುತ್ತದಾ ಖಚಿತ ಮಾಡಿಕೊಳ್ಳಿ, ಕೆಲವು 3.3ಕ್ಕೆ ಮಾತ್ರ. ಅದು ದಾಖಲಿಸುವ ವೇಗವನ್ನು, ಚಿಪ್ಪುಗಳಿಗೆ ತಾಳ ಹಾಕುವ ಬೋರ್ಡಿನ ಕ್ಲಾಕ್ ವೇಗದ ಕನಿಷ್ಠ ನಾಲ್ಕು ಪಟ್ಟು ಇಡಿ.

7. ಪ್ರೋಗ್ರಾಂ ಓದುವುದು

ಮೊದಲು ಬರೀ ಕಣ್ಣಾಡಿಸಿ. ಹೆಕ್ಸ್ ಎಡಿಟರಿನಲ್ಲಿ, ಅಂದರೆ ಫೈಲಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ತಂತ್ರಾಂಶದಲ್ಲಿ, ಫೈಲ್ ತೆರೆದರೆ ಓದಲು ಬರುವ ಅಕ್ಷರಗಳು ಸಿಗಬಹುದು: ದಿನಾಂಕ, ಪರೀಕ್ಷಾ ಮೆನು, ಬರೆದವರ ಅಡ್ಡಹೆಸರು.

ಅಕ್ಷರ ಅರ್ಧಂಬರ್ಧ ಕಂಡರೆ ಸಂತೋಷಪಡಿ, ಅದು ಕೆಟ್ಟ ಡಂಪ್ ಅಲ್ಲದಿರಬಹುದು. 68000 ಥರದ 16 ಬಿಟ್ ಯಂತ್ರದಲ್ಲಿ 8 ಬಿಟ್ಟಿನ ಎರಡು ಇಪ್ರೋಮ್ ಜೋಡಿಯಾಗಿ ಕೆಲಸ ಮಾಡುತ್ತವೆ. ಸಮ ಬೈಟ್ ಒಂದರಲ್ಲಿ, ಬೆಸ ಬೈಟ್ ಇನ್ನೊಂದರಲ್ಲಿ. ಮೆಗಾ ಡ್ರೈವ್ ಆಟದಲ್ಲಿ 'ಸೆಗಾ' ಅನ್ನುವ ಇಂಗ್ಲಿಷ್ ಹೆಸರು ಶುರುವಿನಲ್ಲೇ ಇರುತ್ತದೆ. ಬಿಡಿ ಫೈಲುಗಳಲ್ಲಿ ನೋಡಿದರೆ ಒಂದರಲ್ಲಿ 'ಎಸ್ ಜಿ', ಇನ್ನೊಂದರಲ್ಲಿ 'ಇ ಎ' ಅಂತ ಮಾತ್ರ ಕಾಣುತ್ತದೆ. ಎರಡನ್ನೂ ಒಂದೊಂದೇ ಬೈಟಿನಂತೆ ಹೆಣೆದರೆ 'ಎಸ್ ಇ ಜಿ ಎ' ಆಗಿ ಕೂಡಿಕೊಳ್ಳುತ್ತದೆ. ಹೆಣೆದ ಫೈಲ್ ಬೇರೆ ಇಡಿ, ಬಿಡಿ ಡಂಪುಗಳನ್ನು ಹಾಗೇ ಉಳಿಸಿ.

ಆಮೇಲೆ ಪ್ರೊಸೆಸರ್ ಮೊದಲ ಹೆಜ್ಜೆ ಎಲ್ಲಿಡುತ್ತದೆ ಹುಡುಕಿ. 68000 ಆದರೆ ರೋಮಿನ ಮೊದಲ 4 ಬೈಟ್ ಸ್ಟ್ಯಾಕಿನ (ಪ್ರೊಸೆಸರ್ ತಾತ್ಕಾಲಿಕ ಲೆಕ್ಕ ಇಟ್ಟುಕೊಳ್ಳುವ ಜಾಗದ) ವಿಳಾಸ, ಮುಂದಿನ 4 ಬೈಟ್ ಶುರುವಾಗುವ ಜಾಗ. ಝಡ್80 ನೇರ ಸೊನ್ನೆಯಿಂದಲೇ ಹೊರಡುತ್ತದೆ. 6502 ತದ್ವಿರುದ್ಧ, ವಿಳಾಸ ಕೊನೆಯ 6 ಬೈಟುಗಳ ನಡುವಿನ ಎರಡರಲ್ಲಿದೆ. ಆ ವಿಳಾಸ ಅರ್ಥಬದ್ಧವಾಗಿದ್ದರೆ ಡಂಪ್ ಚೆನ್ನಾಗಿದೆ ಅನ್ನುವುದಕ್ಕೆ ಅದೂ ಒಂದು ಸಾಕ್ಷಿ. ಅಲ್ಲಿಂದ ಗಿಡ್ರಾದಂಥ ಉಚಿತ ಡಿಸ್‌ಅಸೆಂಬ್ಲರ್ ಕೆಲಸಕ್ಕೆ ಬರುತ್ತದೆ. ಬೈಟುಗಳನ್ನು ಪ್ರೊಸೆಸರಿನ ಆಜ್ಞೆಗಳಾಗಿ ಬಿಡಿಸಿ ತೋರಿಸುವ ತಂತ್ರಾಂಶ ಅದು, 2019ರಿಂದ ಎಲ್ಲರಿಗೂ ಸಿಗುತ್ತಿದೆ. ಆಜ್ಞೆಗಳು ಮುಟ್ಟುವ ವಿಳಾಸಗಳನ್ನು 6ನೇ ಹಂತದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಒಂದು ಇನ್ನೊಂದನ್ನು ಬಿಡಿಸುತ್ತದೆ. ಎಮ್ಯುಲೇಟರ್ ಬರೆಯುವ ಆಸೆಯಿದ್ದರೆ ಹೊಸದಾಗಿ ಶುರುಮಾಡುವ ಬದಲು 1997ರಿಂದ ಬೆಳೆದುಬಂದಿರುವ, ಹಳೇ ಯಂತ್ರಗಳ ದೊಡ್ಡ ಎಮ್ಯುಲೇಟರ್ ಆದ ಮೇಮ್‌ಗೆ ಸೇರಿಸಿ. ಹಳೇ ಪ್ರೊಸೆಸರ್‌ಗಳೆಲ್ಲ ಅಲ್ಲಿ ತಯಾರಿವೆ.

8. ಹಂಚುವುದು, ಕಾನೂನು

ಯಂತ್ರ ನಿಮ್ಮದಾದರೂ ಒಳಗಿನ ಪ್ರೋಗ್ರಾಮಿನ ಹಕ್ಕು ಬೇರೆಯವರದ್ದು. ಎಷ್ಟೋ ಡೆವಲಪ್‌ಮೆಂಟ್ ಕಿಟ್‌ಗಳನ್ನು ಕಂಪನಿಗಳು ಮಾರಿದ್ದೇ ಅಲ್ಲ, ಎರವಲು ಕೊಟ್ಟದ್ದು. ಅಮೆರಿಕದಲ್ಲಿ 1992ರ ಸೆಗಾ-ಅಕೊಲೇಡ್ ಮತ್ತು 2000ದ ಸೋನಿ-ಕನೆಕ್ಟಿಕ್ಸ್ ಮೊಕದ್ದಮೆಗಳಲ್ಲಿ, ಹೊಂದಾಣಿಕೆಗಾಗಿ ಕೋಡ್ ಬಿಚ್ಚಿ ಓದುವುದು ತಪ್ಪಲ್ಲ ಅಂತ ಮೇಲ್ಮನವಿ ನ್ಯಾಯಾಲಯ ಹೇಳಿತು. ಓದುವುದಕ್ಕೆ ಸಿಕ್ಕ ಒಪ್ಪಿಗೆ ಅದು, ಹಂಚುವುದಕ್ಕಲ್ಲ. ಬೇರೆ ದೇಶಗಳಲ್ಲಿ ನಿಯಮ ಬೇರೆ. ಫೋಟೊ, ನಕ್ಷೆ, ಹ್ಯಾಶ್ ಹಂಚಲು ಅಷ್ಟು ತೊಡಕಿಲ್ಲ. ಡಂಪ್ ಹಂಚುವ ಮೊದಲು ನಿಮ್ಮ ಕಡೆಯ ಕಾನೂನು ಬಲ್ಲವರನ್ನು ಕೇಳಿ.

ಕೊಡುವುದಾದರೆ ಸಂಸ್ಥೆಗಳಿವೆ. ಅಮೆರಿಕದ ರಾಚೆಸ್ಟರ್‌ನ ಸ್ಟ್ರಾಂಗ್ ಮ್ಯೂಸಿಯಂ, 2017ರಲ್ಲಿ ಶುರುವಾದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಇದೇ ಕೆಲಸ ಮಾಡುತ್ತವೆ. ಹಳೇ ಉದ್ಯೋಗಿಯಿಂದ ಯಂತ್ರ ಸಿಕ್ಕಿದ್ದರೆ ಅವರ ಹೆಸರನ್ನು ಕೇಳದೆ ಬಹಿರಂಗ ಮಾಡಬೇಡಿ.

9. ಎತ್ತಿಡುವುದು

ಡಂಪಿನ ಪ್ರತಿ ಕನಿಷ್ಠ ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಊರಲ್ಲಿ. ಪ್ರತಿ ಫೈಲಿನ ಪಕ್ಕ ಅದರ ಹ್ಯಾಶ್, ಚಿಪ್ಪಿನ ಹೆಸರು, ಬೋರ್ಡಿನಲ್ಲಿ ಕೂತಿದ್ದ ಜಾಗ, ಚೀಟಿಯ ಫೋಟೊ. 'ಹೊಸದು_ಫೈನಲ್_2' ಅಂತ ಹೆಸರಿಟ್ಟ ಫೈಲ್ ಹತ್ತು ವರ್ಷದ ಮೇಲೆ ನಿಮಗೇ ಅರ್ಥವಾಗದು.

ಯಂತ್ರವನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಸುತ್ತಿ, ತಂಪಾದ, ಒಣ, ಕತ್ತಲ ಜಾಗದಲ್ಲಿಡಿ. ಡೇಟಾ ಇಳಿಸಿಯಾಗಿದ್ದರೆ ಬ್ಯಾಟರಿ ಈಗ ತೆಗೆಯಬಹುದು. ಅಸಲಿ ಇಪ್ರೋಮ್‌ಗಳನ್ನು ಸಾಕೆಟ್ಟಿಗೇ ವಾಪಸ್ ಹಾಕಿ, ಕಾಲಿನ ದಿಕ್ಕನ್ನು 4ನೇ ಹಂತದ ಫೋಟೊ ಜೊತೆ ಹೋಲಿಸಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯಿರಿ: ಯಾವ ಕೆಪಾಸಿಟರ್ ಬದಲಾಗಿದೆ, ಎಷ್ಟು ವೋಲ್ಟ್, ಪ್ಲಗ್ಗಿನ ನಡುವೆ ಪ್ಲಸ್ಸಾ ಮೈನಸ್ಸಾ. ಮುಂದೆ ಇದನ್ನು ತೆರೆಯುವವರು ಈ ಲೇಖನ ಓದಿರುವುದಿಲ್ಲ, ಮೊದಲು ಸ್ವಿಚ್ಚೇ ಹುಡುಕುತ್ತಾರೆ.